ಗಾಳಿಯ ಕಲಕಾಟವೂ ಬೆಳಕಿನ ತಂತಿಯೂ



ಊರಿಗೆ ರಸ್ತೆ ಬೇಕು, ಕುಡಿಯುವ ನೀರು ಬೇಕು, ವಿದ್ಯುತ್ತು ಬೇಕು. ಈ ಮೂರರ ಜೊತೆಗೆ ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಇಂಟರ್‌ನೆಟ್ ಸಂಪರ್ಕ. ಪಹಣಿ ತೆಗೆಸಲು ಅದು ಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಪಡಿತರ ಪಡೆಯಲು ಅದು ಬೇಕು. ಮಾರುಕಟ್ಟೆಯ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ವಿಮೆಯ ಅರ್ಜಿ, ಬ್ಯಾಂಕಿಗೆ ಬಂದ ಹಣ, ಎಲ್ಲವೂ ಈ ಹಾದಿಯಲ್ಲೇ ಬರುತ್ತವೆ. ಸಂಪರ್ಕ ಕಡಿದುಹೋದ ದಿನ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮನೆಗೆ ಹಿಂದಿರುಗಬೇಕಾಗುತ್ತದೆ.

ಈ ಸಂಪರ್ಕವನ್ನು ತರುವ ಒಳ್ಳೆಯ ಮಾರ್ಗವೆಂದರೆ ನೆಲದಡಿಯಲ್ಲಿ ಹೂಳಿದ ಗಾಜಿನ ಎಳೆಯ ಕೇಬಲ್. 2011ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಇಂಥ ಕೇಬಲ್ ಎಳೆಯುತ್ತ ಬಂದಿದ್ದಾರೆ. ಆದರೆ ಕೇಬಲ್ ಎಲ್ಲ ಕಡೆಗೂ ಸುಲಭವಾಗಿ ಹೋಗಲಾರದು. ನಡುವೆ ಹೊಳೆ ಬಂದರೂ, ಬಂಡೆ ಬಂದರೂ, ಕಾಡು ಬಂದರೂ ಖರ್ಚು ಏರುವುದು. ರಸ್ತೆ ಅಗಲ ಮಾಡುವಾಗಲೋ ನೀರಿನ ಪೈಪು ಹೂಳುವಾಗಲೋ ಜೆ.ಸಿ.ಬಿ.ಯ ಒಂದು ಹಲ್ಲು ತಗುಲಿದರೆ ಸಾಕು, ಕೇಬಲ್ ತುಂಡಾಗುವುದು.

ಇಂಥ ಕಡೆಗಳಿಗಾಗಿ ಬೇರೊಂದು ಉಪಾಯ ಬಂದಿದೆ. ಕೇಬಲ್ಲಿನ ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು ತಾನೆ? ಆ ಬೆಳಕನ್ನು ಗಾಜಿಲ್ಲದೆ, ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ, ಬಯಲಿನ ಗಾಳಿಯಲ್ಲೇ ಹಾಯಿಸುವುದು. ಅಗೆತವಿಲ್ಲ, ಹೂಳುವಿಕೆಯಿಲ್ಲ, ಹೊಳೆಗೆ ಸೇತುವೆಯೂ ಬೇಡ. ಹೀಗಿದ್ದರೆ ಎಲ್ಲ ಊರುಗಳಿಗೂ ಇದನ್ನೇ ಏಕೆ ಹಾಕಬಾರದು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಗಾಳಿಯಲ್ಲಿಯೇ ಇದೆ. ಗಾಳಿ ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೊಳಗೆ ಕಲಕುತ್ತಲೇ ಇರುತ್ತದೆ. ಆ ಕಲಕಾಟ ಬೆಳಕಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿದವರು ಮಾತ್ರ ಈ ಯಂತ್ರವನ್ನು ಸರಿಯಾದ ಜಾಗದಲ್ಲಿ ಇರಿಸಬಲ್ಲರು. ನಾಳೆ ನಿಮ್ಮ ಪಂಚಾಯಿತಿಯ ಮಹಡಿಯ ಮೇಲೆ ಇಂಥದೊಂದನ್ನು ಕೂರಿಸುವ ಮಾತು ಬಂದರೆ ನೀವೂ ನಾಲ್ಕು ಪ್ರಶ್ನೆ ಕೇಳಲು ಸಿದ್ಧರಿರಬೇಕು. ಅದಕ್ಕಾಗಿ ಈ ಲೇಖನ.

ಬೆಳಕಿನಲ್ಲಿ ಸುದ್ದಿ ಕಳಿಸುವುದು ಹೊಸತೇ?

ಬೆಳಕಿನಿಂದ ಸುದ್ದಿ ಕಳಿಸುವುದು ಹಳೆಯ ವಿದ್ಯೆ. ಬೆಟ್ಟದ ಮೇಲೆ ಬೆಂಕಿ ಹಾಕಿ ಶತ್ರು ಬಂದನೆಂದು ತಿಳಿಸುತ್ತಿದ್ದ ಕಾಲವಿತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದವರು ಹೀಲಿಯೋಗ್ರಾಫ್ ಎಂಬ ಕನ್ನಡಿಯ ಉಪಕರಣದಿಂದ ಬಿಸಿಲನ್ನು ಮಿಂಚಿಸಿ, ಬೆಟ್ಟದಿಂದ ಬೆಟ್ಟಕ್ಕೆ ಸಂಕೇತ ಕಳಿಸುತ್ತಿದ್ದರು.

ಬೆಳಕಿನ ಮೇಲೆ ಮಾತನ್ನೇ ಹೊರಿಸಿದವರು ಟೆಲಿಫೋನಿನಿಂದ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್. 1880ರಲ್ಲಿ ಅವರೂ ಅವರ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಅವರೂ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಸುಮಾರು 213 ಮೀಟರು ದೂರಕ್ಕೆ ಬಿಸಿಲಿನ ಮೂಲಕ ಮಾತು ಕಳಿಸಿದರು. ತೆಳುವಾದ ಕನ್ನಡಿಯ ಹಿಂದೆ ನಿಂತು ಮಾತನಾಡಿದರೆ ಕನ್ನಡಿ ನಡುಗುವುದು. ಅದರಿಂದ ಹೊರಟ ಬೆಳಕೂ ಹೆಚ್ಚು ಕಡಿಮೆಯಾಗುವುದು. ದೂರದಲ್ಲಿಟ್ಟ ಸೆಲೀನಿಯಂ ಎಂಬ ಧಾತು ಆ ಹೆಚ್ಚು ಕಡಿಮೆಯನ್ನು ಗ್ರಹಿಸಿ ಮತ್ತೆ ಮಾತಾಗಿಸುವುದು. ಉಪಾಯವೇನೋ ಚೆನ್ನಾಗಿತ್ತು. ಆದರೆ ಮೋಡ ಬಂದರೆ ಮಾತು ನಿಲ್ಲುತ್ತಿತ್ತು.

1960ರಲ್ಲಿ ಥಿಯೋಡೋರ್ ಮೈಮನ್ ಅವರು ಮೊದಲ ಲೇಸರ್ ಬೆಳಕನ್ನು ತೋರಿಸಿದ ಮೇಲೆ ಬಿಸಿಲಿನ ಹಂಗು ತಪ್ಪಿತು. ಲೇಸರ್ ಬೆಳಕು ಚೆದುರದೆ ಸಣ್ಣ ಕೋಲಿನಂತೆ ನೇರವಾಗಿ ಹೋಗುತ್ತದೆ. ಈಗಿನ ಯಂತ್ರಗಳಲ್ಲಿ ಬಳಸುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಅದನ್ನು ಸೆಕೆಂಡಿಗೆ ನೂರಾರು ಕೋಟಿ ಸಲ ಬದಲಿಸುತ್ತಾರೆ. ಹೆಚ್ಚಾದರೆ ಒಂದು, ಕಡಿಮೆಯಾದರೆ ಸೊನ್ನೆ ಎಂಬ ಲೆಕ್ಕದಲ್ಲಿ ಅಕ್ಷರ, ಚಿತ್ರ, ಮಾತು ಎಲ್ಲವೂ ಸಾಗುತ್ತವೆ. ಈ ಒಂದು ಅಥವಾ ಸೊನ್ನೆಗೆ ಬಿಟ್ ಎಂದು ಹೆಸರು. ಎರಡು ತುದಿಗಳಲ್ಲಿ ಒಂದೊಂದು ಪೆಟ್ಟಿಗೆ. ಒಂದರ ಕಣ್ಣು ಇನ್ನೊಂದರ ಕಣ್ಣಿಗೆ ನೇರವಾಗಿ ಕಾಣಬೇಕು. ಇಷ್ಟೇ ಇದರ ವ್ಯವಸ್ಥೆ.

ಗಾಳಿ ಬೆಳಕನ್ನು ಹೇಗೆ ಬಾಗಿಸುತ್ತದೆ?

ನೀರು ತುಂಬಿದ ಬಕೆಟ್ಟಿನಲ್ಲಿ ಕೋಲು ಇಳಿಬಿಟ್ಟು ನೋಡಿ. ನೀರಿನ ಮಟ್ಟದಲ್ಲಿ ಕೋಲು ಮುರಿದಂತೆ ಕಾಣುವುದು. ಕೋಲು ಮುರಿದಿಲ್ಲ, ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿದೆ. ನೀರು ದಟ್ಟ, ಗಾಳಿ ತೆಳು. ದಟ್ಟವಾದ ವಸ್ತುವಿನಲ್ಲಿ ಬೆಳಕಿನ ನಡಿಗೆ ನಿಧಾನ, ತೆಳುವಾದುದರಲ್ಲಿ ಬೇಗ. ಹೀಗೆ ನಡಿಗೆ ಬದಲಾಗುವ ಜಾಗದಲ್ಲಿ ಬೆಳಕು ಓರೆಯಾಗಿ ಹೊಕ್ಕರೆ ಬಾಗುತ್ತದೆ.

ಬಿಸಿ ಗಾಳಿಗೂ ತಂಪು ಗಾಳಿಗೂ ಇದೇ ಭೇದವುಂಟು. ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಆದುದರಿಂದ ಅದರಲ್ಲಿ ಬೆಳಕು ಒಂದಿಷ್ಟು ಬೇಗ ನಡೆಯುತ್ತದೆ. ಆಲೆಮನೆಯ ಮುಂದೆ ನಿಂತು, ಒಲೆಯ ಬಿಸಿಗಾಳಿಯ ಆಚೆಗಿರುವ ತೆಂಗಿನ ಮರವನ್ನು ನೋಡಿದ್ದೀರಾ? ಮರ ನಡುಗಿದಂತೆ, ನೀರಿನೊಳಗೆ ನಿಂತಂತೆ ಕಾಣುವುದು. ಬೇಸಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೂ, ಉತ್ತು ಬಿಟ್ಟ ಕೆಮ್ಮಣ್ಣಿನ ಹೊಲದ ಮೇಲೂ ಇದೇ ಝಳ ಕುಣಿಯುವುದು. ನಿಮ್ಮ ಕಣ್ಣಿಗೆ ಕುಣಿದಂತೆ ಕಾಣುವ ಗಾಳಿಯೇ ಲೇಸರ್ ಬೆಳಕನ್ನೂ ಕುಣಿಸುತ್ತದೆ.

ಈ ಭೇದ ಎಷ್ಟು ದೊಡ್ಡದು? ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಬದಲಾದರೆ ಅದರಲ್ಲಿ ಬೆಳಕಿನ ನಡಿಗೆ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ. ಅಷ್ಟು ಅಲ್ಪವಾದುದರಿಂದ ಏನಾದೀತು ಎಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಮೀಟರು ಅಗಲದ ಗಾಳಿಯ ಮುದ್ದೆ ಸುತ್ತಲಿನ ಗಾಳಿಗಿಂತ ಒಂದು ಡಿಗ್ರಿ ಬಿಸಿಯಾಗಿದೆ ಎಂದುಕೊಳ್ಳಿ. ಅದರ ಮೂಲಕ ಬಂದ ಬೆಳಕು ಪಕ್ಕದ ಬೆಳಕಿಗಿಂತ ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮುಂದೆ ಹೋಗುತ್ತದೆ. ಇದಕ್ಕೆ ಒಂದು ಮೈಕ್ರಾನ್ ಎನ್ನುತ್ತಾರೆ. ಬೆಳಕೋ ಅಲೆಯಂತೆ ಸಾಗುವಂಥದು. ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಬೆಳಕಿನ ಒಂದು ಅಲೆಯ ಉದ್ದ ಸುಮಾರು ಒಂದೂವರೆ ಮೈಕ್ರಾನ್. ಅಂದರೆ ಒಂದೇ ಒಂದು ಗಾಳಿಯ ಮುದ್ದೆ, ಒಂದೇ ಒಂದು ಡಿಗ್ರಿ ಬಿಸಿಯಿಂದ, ಬೆಳಕನ್ನು ಮೂರನೇ ಎರಡು ಅಲೆಯಷ್ಟು ಹೆಜ್ಜೆ ತಪ್ಪಿಸಬಲ್ಲದು.

ಹೆಜ್ಜೆ ತಪ್ಪಿದರೆ ಏನಾಗುವುದು? ಕೆರೆಯಲ್ಲಿ ಒಟ್ಟಿಗೆ ಎರಡು ಕಲ್ಲು ಎಸೆದರೆ ಎರಡು ಕಡೆಯಿಂದ ಅಲೆಗಳು ಬಂದು ಕೂಡುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ನೀರು ಹೆಚ್ಚು ಏಳುವುದು. ಉಬ್ಬಿಗೆ ತಗ್ಗು ಸೇರಿದ ಕಡೆ ನೀರು ಸುಮ್ಮನಾಗುವುದು. ಬೆಳಕೂ ಹಾಗೆಯೇ. ಹೆಜ್ಜೆ ತಪ್ಪಿದ ಬೆಳಕಿನ ಪಾಲುಗಳು ಮುಂದೆ ಕೂಡಿದಾಗ ಒಂದು ಕಡೆ ಹೊಳಪು, ಇನ್ನೊಂದು ಕಡೆ ಕತ್ತಲು ಆಗುತ್ತದೆ.

ಸುಳಿಯೊಳಗೆ ಸುಳಿ

ಗಾಳಿಯ ಈ ಮುದ್ದೆಗಳು ಹುಟ್ಟುವುದು ಹೇಗೆ? ಬಿಸಿಲು ನೆಲವನ್ನು ಕಾಯಿಸುತ್ತದೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇಳುವಾಗ ತಂಪು ಗಾಳಿ ಕೆಳಗಿಳಿಯುತ್ತದೆ. ಎರಡೂ ಒಂದನ್ನೊಂದು ಉಜ್ಜಿ ಸುಳಿಗಳಾಗುತ್ತವೆ. ಕೆರೆಯ ತೂಬು ತೆರೆದಾಗ ನೀರನ್ನು ಗಮನಿಸಿ. ಮೊದಲು ದೊಡ್ಡ ಸುಳಿ ಕಾಣುವುದು. ಅದು ಒಡೆದು ನಾಲ್ಕಾರು ಸಣ್ಣ ಸುಳಿಯಾಗುವುದು. ಅವು ಒಡೆದು ಇನ್ನೂ ಸಣ್ಣವಾಗಿ, ಕೊನೆಗೆ ನೀರಿನಲ್ಲೇ ಅಡಗುವುವು. ಗಾಳಿಯಲ್ಲೂ ಹಲವು ಮೀಟರು ಅಗಲದ ಸುಳಿಗಳಿಂದ ಹಿಡಿದು ಕೆಲವು ಮಿಲಿಮೀಟರಿನ ಸುಳಿಗಳ ತನಕ ಎಲ್ಲ ಗಾತ್ರದವೂ ಏಕಕಾಲದಲ್ಲಿ ಇರುತ್ತವೆ. ದೊಡ್ಡ ಸುಳಿಯ ಶಕ್ತಿ ಸಣ್ಣದಕ್ಕೆ ಹರಿದುಹೋಗುವ ಈ ಕ್ರಮಕ್ಕೆ 1941ರಲ್ಲಿ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ ಅವರು ಲೆಕ್ಕದ ಸೂತ್ರ ಕೊಟ್ಟರು. ಬೆಳಕಿನ ಸಂಪರ್ಕದ ಎಂಜಿನಿಯರುಗಳು ಈಗಲೂ ಅದನ್ನು ಆಧಾರವಾಗಿ ಹಿಡಿದು ಲೆಕ್ಕ ಹಾಕುತ್ತಾರೆ.

ಒಂದೊಂದು ಸುಳಿಯೂ ಒಂದೊಂದು ದುರ್ಬಲ ಮಸೂರದಂತೆ ಕೆಲಸ ಮಾಡುತ್ತದೆ. ಬೆಳಕಿನ ಹಾದಿಯಲ್ಲಿ ಇಂಥವು ಸಾವಿರಾರು. ಅವು ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಬೀಸಿದತ್ತ ಸಾಗುತ್ತಲೇ ಇರುತ್ತವೆ. ಇದರಿಂದ ಬೆಳಕಿಗೆ ಮೂರು ಬಗೆಯ ತೊಂದರೆ ಉಂಟಾಗುತ್ತದೆ.

ಮೊದಲನೆಯದು, ಅಲೆದಾಟ. ಬೆಳಕಿನ ಕೋಲಿಗಿಂತ ದೊಡ್ಡದಾದ ಸುಳಿ ಅಡ್ಡ ಬಂದರೆ ಕೋಲು ಇಡಿಯಾಗಿ ಪಕ್ಕಕ್ಕೆ ಬಾಗುವುದು. ದೂರದಲ್ಲಿ ನಿಂತವನು ಹಿಡಿದ ಕೊಡಕ್ಕೆ ಪೈಪಿನ ನೀರು ಬೀಳಿಸುವಾಗ ಕೈ ನಡುಗಿದರೆ ನೀರು ಕೊಡದ ಹೊರಗೆ ಬೀಳುವಂತೆ, ಬೆಳಕೂ ಎದುರಿನ ಪೆಟ್ಟಿಗೆಯ ಕಣ್ಣನ್ನು ತಪ್ಪುವುದು.

ಎರಡನೆಯದು, ಹರಡುವಿಕೆ. ಕೋಲಿಗಿಂತ ಸಣ್ಣ ಸುಳಿಗಳು ಬೆಳಕಿನ ಅಂಚನ್ನು ಚೆದುರಿಸುತ್ತವೆ. ಬೆಳಕು ಅಗಲವಾದಷ್ಟೂ ಒಂದೊಂದು ಜಾಗಕ್ಕೆ ಸಿಗುವ ಪಾಲು ಕಡಿಮೆಯಾಗುವುದು.

ಮೂರನೆಯದು ಮಿನುಗು. ಹೆಚ್ಚು ಕಾಡುವುದು ಇದೇ. ದನಗಳು ನೀರು ಕುಡಿಯುವ ತೊಟ್ಟಿಯ ತಳವನ್ನು ಬಿಸಿಲಿನಲ್ಲಿ ನೋಡಿ. ಮೇಲಿನ ನೀರು ಅಲುಗಿದರೆ ತಳದಲ್ಲಿ ಬೆಳಕಿನ ಬಲೆಯೊಂದು ಓಡಾಡುವುದು. ಹೊಳಪಿನ ಗೆರೆ, ನಡುವೆ ಕಪ್ಪು ಜಾಗ, ಮತ್ತೆ ಹೊಳಪು. ಲೇಸರ್ ಬೆಳಕು ಎದುರಿನ ಪೆಟ್ಟಿಗೆಗೆ ಬೀಳುವಾಗಲೂ ಹೀಗೆಯೇ ಮಚ್ಚೆಮಚ್ಚೆಯಾಗಿ ಬೀಳುತ್ತದೆ. ಎರಡು ಕಿಲೋಮೀಟರು ದೂರದಲ್ಲಿ ಈ ಮಚ್ಚೆಗಳ ಅಗಲ ಸಾಮಾನ್ಯವಾಗಿ ಐದಾರು ಸೆಂಟಿಮೀಟರು. ಯಂತ್ರದ ಕಣ್ಣಿನ ಮೇಲೆ ಹೊಳಪಿನ ಮಚ್ಚೆ ಬಿದ್ದರೆ ಸರಿ; ಕಪ್ಪು ಮಚ್ಚೆ ಬಂದರೆ ಆ ಕ್ಷಣ ಸಂಪರ್ಕ ಮಂಕಾಗುವುದು. ರಾತ್ರಿ ನಕ್ಷತ್ರ ಮಿನುಗುವುದೂ ಇದೇ ಕಾರಣದಿಂದ.

ಮಂಕಾಗುವುದು ಕೆಲವು ಮಿಲಿಸೆಕೆಂಡುಗಳಷ್ಟೇ ಹೊತ್ತು. ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಆದರೆ ಸೆಕೆಂಡಿಗೆ 20 ಗಿಗಾಬಿಟ್, ಎಂದರೆ 2,000 ಕೋಟಿ ಬಿಟ್ ಕಳಿಸುವ ಯಂತ್ರದಲ್ಲಿ ಹತ್ತು ಮಿಲಿಸೆಕೆಂಡು ಮಂಕಾದರೆ 20 ಕೋಟಿ ಬಿಟ್ ಕೈತಪ್ಪುವುವು. ಕೋಟಿ ಕೋಟಿ ಕಾಳು ಸುರಿಯುವ ಕಣದಲ್ಲಿ ಚೀಲದ ಬಾಯಿ ಅರೆಗಳಿಗೆ ಮುಚ್ಚಿದರೂ ನಷ್ಟ ದೊಡ್ಡದೇ.

ಹೊತ್ತು, ನೆಲ, ಎತ್ತರ, ದೂರ

ಕಲಕಾಟ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಹೊಲದಲ್ಲಿ ದುಡಿಯುವ ನಿಮಗೆ ಇದರ ಗುಟ್ಟು ಬೇಗ ತಿಳಿಯುವುದು.

ಹೊತ್ತಿನ ಮಾತು ಮೊದಲು. ನಡುಹಗಲಿನಲ್ಲಿ ನೆಲ ಕಾದಿರುವಾಗ ಕಲಕಾಟ ಅತಿ ಹೆಚ್ಚು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನ ಮೇಲೂ, ಮುಳುಗುವುದಕ್ಕೆ ಮುಂಚೆಯೂ ನೆಲದ ಬಿಸಿ ಗಾಳಿಯ ಬಿಸಿಗೆ ಸಮನಾಗುವ ಸ್ವಲ್ಪ ಸಮಯವುಂಟು. ಆಗ ಕಲಕಾಟ ಅತಿ ಕಡಿಮೆ. ನಡುಹಗಲಿಗೂ ಈ ಹೊತ್ತಿಗೂ ಹತ್ತು ಪಟ್ಟಿಗಿಂತ ಹೆಚ್ಚು ಅಂತರ ಬರುವುದುಂಟು. ರಾತ್ರಿ ನೆಲ ಬೇಗ ತಣಿದು ಗಾಳಿ ಬೆಚ್ಚಗಿರುವುದರಿಂದ ಮತ್ತೆ ಸ್ವಲ್ಪ ಕಲಕಾಟವಾಗುವುದು. ಮೋಡ ಮುಚ್ಚಿದ ದಿನ ಹಗಲಿನ ಕಲಕಾಟ ಕಡಿಮೆ.

ಎರಡನೆಯದು ನೆಲ. ನೀರು ನಿಂತ ಗದ್ದೆಯಲ್ಲಿ ಬಿಸಿಲಿನ ಹೆಚ್ಚಿನ ಪಾಲು ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಗಾಳಿ ಅಷ್ಟಾಗಿ ಕಾಯುವುದಿಲ್ಲ. ಒಣಗಿದ ಬಯಲು, ಡಾಂಬರು ರಸ್ತೆ, ತಗಡಿನ ಚಾವಣಿ, ಬಂಡೆ ಇವುಗಳ ಮೇಲೆ ಗಾಳಿ ಚೆನ್ನಾಗಿ ಕಾದು ಹೆಚ್ಚು ಕಲಕುತ್ತದೆ.

ಮೂರನೆಯದು ಎತ್ತರ. ಬಯಲಿನಲ್ಲಿ ಹಗಲು ಹೊತ್ತು ಎತ್ತರ ಇಮ್ಮಡಿಯಾದಂತೆಲ್ಲ ಕಲಕಾಟದ ಬಲ ನೂರಕ್ಕೆ ಸುಮಾರು 40ಕ್ಕೆ ಇಳಿಯುತ್ತದೆ. ನೆಲದಿಂದ ಎರಡು ಮೀಟರಿನಲ್ಲಿ ಅದು ನೂರು ಎಂದಿಟ್ಟುಕೊಂಡರೆ ನಾಲ್ಕು ಮೀಟರಿನಲ್ಲಿ 40, ಎಂಟು ಮೀಟರಿನಲ್ಲಿ 16, ಹದಿನಾರು ಮೀಟರಿನಲ್ಲಿ ಸುಮಾರು 6. ಮಹಡಿಯ ಮೇಲೆ ಇನ್ನೊಂದು ಕಂಬ ನಿಲ್ಲಿಸುವ ಖರ್ಚು ವ್ಯರ್ಥವಲ್ಲವೆಂದು ಈ ಲೆಕ್ಕ ತೋರಿಸುತ್ತದೆ.

ನಾಲ್ಕನೆಯದು ದೂರ. ಮಿನುಗು ಮಿತದಲ್ಲಿರುವ ತನಕ, ದೂರ ಎರಡರಷ್ಟಾದರೆ ಮಿನುಗಿನ ಪ್ರಮಾಣ ಮೂರೂವರೆ ಪಟ್ಟಿಗೆ ಏರುವುದು. ಆದುದರಿಂದ ಆರು ಕಿಲೋಮೀಟರಿನ ಒಂದೇ ಜಿಗಿತಕ್ಕಿಂತ ಮೂರು ಕಿಲೋಮೀಟರಿನ ಎರಡು ಜಿಗಿತ ಮೇಲು.

ಇಲ್ಲಿ ಒಂದು ಸಂದೇಹ ಬರಬಹುದು. 2013ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಚಂದ್ರನನ್ನು ಸುತ್ತುತ್ತಿದ್ದ ನೌಕೆಯಿಂದ ಭೂಮಿಗೆ ಲೇಸರಿನಲ್ಲಿ ಸೆಕೆಂಡಿಗೆ 622 ಮೆಗಾಬಿಟ್ ಕಳಿಸಿದರು. ಅಷ್ಟು ದೂರದಿಂದ ಬಂದ ಬೆಳಕಿಗೆ ಇಲ್ಲದ ಕಷ್ಟ ಐದು ಕಿಲೋಮೀಟರಿನ ಬೆಳಕಿಗೆ ಏಕೆ? ಕಾರಣ ಸರಳ. ಚಂದ್ರನ ಹಾದಿಯ ಬಹುಪಾಲು ಬರೀ ಶೂನ್ಯ. ವಾಯುಮಂಡಲದ ಅರ್ಧದಷ್ಟು ಗಾಳಿ ಸಮುದ್ರಮಟ್ಟದಿಂದ ಐದೂವರೆ ಕಿಲೋಮೀಟರಿನೊಳಗೇ ಇದೆ. ಮೇಲಿನಿಂದ ಇಳಿಯುವ ಬೆಳಕು ನೆಲದ ಬಳಿಯ ಕದಡಿದ ಪದರವನ್ನು ಬೇಗ ದಾಟಿಬಿಡುತ್ತದೆ. ಊರಿಂದೂರಿಗೆ ಅಡ್ಡಲಾಗಿ ಹೋಗುವ ಬೆಳಕಾದರೋ ಆ ಪದರದೊಳಗೇ ಹಾದಿಯುದ್ದಕ್ಕೂ ಈಜಬೇಕು. ದೂರದರ್ಶಕಗಳನ್ನು ಬೆಟ್ಟದ ಮೇಲೆ ಇಡುವುದಕ್ಕೂ ಇದೊಂದು ಕಾರಣ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಎರಡು ಮೀಟರು ಅಗಲದ ತಮ್ಮ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರು ಎತ್ತರದಲ್ಲಿ ಇಟ್ಟು, ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ನಡೆಸುತ್ತಾರೆ.

ಮಂಜು ಬೇರೆ, ಕಲಕಾಟ ಬೇರೆ

ಬೆಳಕಿನ ಸಂಪರ್ಕಕ್ಕೆ ಇನ್ನೊಂದು ಶತ್ರು ಮಂಜು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಕಲಕಾಟ ಬೆಳಕನ್ನು ನುಂಗುವುದಿಲ್ಲ, ಅತ್ತಿತ್ತ ಎಳೆದಾಡುವುದು. ಮಂಜಿನ ಹನಿಗಳಾದರೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಡುವುವು. ದಟ್ಟ ಮಂಜಿನಲ್ಲಿ ನೂರು ನೂರು ಮೀಟರಿಗೆ ಬೆಳಕು ಹತ್ತರಲ್ಲೊಂದು ಪಾಲಿಗೆ ಇಳಿಯುವುದುಂಟು. ಹಾಗೆ ಹತ್ತು ಸಲ ಇಳಿದರೆ ಒಂದು ಕಿಲೋಮೀಟರು ದಾಟುವಷ್ಟರಲ್ಲಿ ಉಳಿಯುವುದು ಸಾವಿರ ಕೋಟಿಯಲ್ಲಿ ಒಂದು ಪಾಲು ಮಾತ್ರ. ಮಳೆಯ ಹನಿ ದೊಡ್ಡದು, ಎಣಿಕೆಯಲ್ಲಿ ಕಡಿಮೆ. ಅದು ಮಂಜಿನಷ್ಟು ಕೆಡಿಸಲಾರದು.

ಸಾಮಾನ್ಯವಾಗಿ ಈ ಶತ್ರುಗಳಿಬ್ಬರೂ ಒಟ್ಟಿಗೆ ಬರುವುದಿಲ್ಲ. ಮಂಜು ಬೀಳುವುದು ಗಾಳಿ ಸುಮ್ಮನಿರುವ ತಂಪು ಬೆಳಗಿನಲ್ಲಿ. ಕಲಕಾಟ ಹೆಚ್ಚುವುದು ಆಕಾಶ ತಿಳಿಯಾಗಿ ಬಿಸಿಲು ಹೊಡೆಯುವ ಮಧ್ಯಾಹ್ನದಲ್ಲಿ. ಮಲೆನಾಡಿನ ಊರಿಗೆ ಮೊದಲನೆಯದು ಹೆಚ್ಚಿನ ಚಿಂತೆ, ಬಯಲುಸೀಮೆಗೆ ಎರಡನೆಯದು.

ಎಂಜಿನಿಯರುಗಳ ಉಪಾಯಗಳು

ಗಾಳಿಯನ್ನು ತಡೆಯಲಾಗದು. ಆದರೆ ಅದರ ಕಾಟವನ್ನು ತಗ್ಗಿಸಲು ದಾರಿಗಳಿವೆ.

ದೊಡ್ಡ ಕಣ್ಣು ಮೊದಲನೆಯದು. ನಕ್ಷತ್ರ ಮಿನುಗುವಷ್ಟು ಗುರುಗ್ರಹ ಮಿನುಗುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ನಕ್ಷತ್ರ ಚುಕ್ಕೆಯಷ್ಟು, ಗ್ರಹವೋ ಪುಟ್ಟ ಬಿಲ್ಲೆ. ಬಿಲ್ಲೆಯ ಒಂದು ಕಡೆಯ ಬೆಳಕು ಮಂಕಾದರೆ ಇನ್ನೊಂದು ಕಡೆಯದು ಹೊಳೆದು ಸರಿಹೋಗುವುದು. ಹಾಗೆಯೇ ಬೆಳಕು ಹಿಡಿಯುವ ಮಸೂರವನ್ನು ಮಚ್ಚೆಗಳಿಗಿಂತ ಅಗಲ ಮಾಡಿದರೆ ಹೊಳಪೂ ಕಪ್ಪೂ ಒಟ್ಟಿಗೆ ಬಿದ್ದು ಸರಾಸರಿ ಸಮವಾಗುತ್ತದೆ.

ಎರಡನೆಯದು ಹಲವು ಕೋಲುಗಳು. ಒಂದೇ ಸುದ್ದಿಯನ್ನು ಪಕ್ಕಪಕ್ಕದ ಎರಡು ಮೂರು ಲೇಸರುಗಳಿಂದ ಕಳಿಸುತ್ತಾರೆ. ಎಲ್ಲವೂ ಒಂದೇ ಕ್ಷಣ ಮಂಕಾಗುವುದು ಅಪರೂಪ. ಒಂದೇ ಬಾವಿಯನ್ನು ನಂಬುವುದಕ್ಕಿಂತ ಎರಡನ್ನು ನಂಬುವುದು ಮೇಲೆಂಬಂತೆ.

ಮೂರನೆಯದು ತಿರುಗುವ ಕನ್ನಡಿ. ಬೆಳಕು ಯಾವ ಕಡೆಗೆ ಅಲೆಯಿತೆಂಬುದನ್ನು ನೋಡಿ, ಸೆಕೆಂಡಿಗೆ ನೂರಾರು ಸಲ ಕನ್ನಡಿಯನ್ನು ಕೂದಲೆಳೆಯಷ್ಟು ಹೊರಳಿಸಿ ಅದನ್ನು ಮತ್ತೆ ಗುರಿಗೆ ತರುವ ಯಂತ್ರಗಳಿವೆ. ಕಂಬ ಗಾಳಿಗೆ ಅಲುಗಿದರೂ ಇದೇ ಕನ್ನಡಿ ಕಾಯುವುದು.

ನಾಲ್ಕನೆಯದು ಸುದ್ದಿಯನ್ನು ಹೆಣೆದು ಕಳಿಸುವುದು. ಕಾಗದದಲ್ಲಿ ಒಂದು ಪದ ಪೂರ್ತಿ ಅಳಿಸಿಹೋದರೆ ಊಹಿಸುವುದು ಕಷ್ಟ. ‘ನೇಗಿ’ ಎಂದಷ್ಟು ಕಂಡರೆ ನೇಗಿಲು ಎಂದು ನೀವೇ ಓದಿಕೊಳ್ಳುವಿರಿ. ಆದುದರಿಂದ ಒಂದು ಪದದ ಅಕ್ಷರಗಳನ್ನು ಒಟ್ಟಿಗೆ ಕಳಿಸದೆ, ಹಲವು ಪದಗಳ ಅಕ್ಷರಗಳನ್ನು ಬೆರೆಸಿ ಕಳಿಸುತ್ತಾರೆ. ಮಂಕಿನ ಕ್ಷಣದಲ್ಲಿ ಪ್ರತಿ ಪದಕ್ಕೂ ಒಂದೊಂದು ಅಕ್ಷರ ಮಾತ್ರ ತಪ್ಪುವುದು. ಉಳಿದುದರಿಂದ ಯಂತ್ರ ಅದನ್ನು ತುಂಬಿಕೊಳ್ಳುವುದು.

ಐದನೆಯದು ರೇಡಿಯೋ ಜೊತೆಗಾರ. ಬೆಳಕನ್ನು ತಡೆಯುವ ಮಂಜು ರೇಡಿಯೋ ಅಲೆಗೆ ಅಷ್ಟಾಗಿ ಅಡ್ಡಿಯಲ್ಲ. ಬೆಳಕು ಸೋತಾಗ ರೇಡಿಯೋ ಹೆಗಲು ಕೊಡುವಂತೆ ಜೋಡಿಸಿದರೆ ವೇಗ ಕಡಿಮೆಯಾದರೂ ಸಂಪರ್ಕ ಪೂರ್ತಿ ನಿಲ್ಲುವುದಿಲ್ಲ.

ಕಾಂಗೋ ಹೊಳೆಯ ಮೇಲೆ

ಇವೆಲ್ಲ ಬರಿಯ ಪುಸ್ತಕದ ಮಾತುಗಳಲ್ಲ. ಆಫ್ರಿಕಾದಲ್ಲಿ ಕಾಂಗೋ ನದಿಯ ಎರಡು ದಡಗಳಲ್ಲಿ ಬ್ರಾಜಾವಿಲ್ ಮತ್ತು ಕಿನ್ಶಾಸಾ ಎಂಬ ಎರಡು ರಾಜಧಾನಿಗಳಿವೆ. ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ನದಿ ಬಹಳ ಆಳ, ಸೆಳೆತವೂ ಹೆಚ್ಚು. ಕೇಬಲ್ ನದಿಯನ್ನು ಬಳಸಿಕೊಂಡು 400 ಕಿಲೋಮೀಟರಿಗಿಂತ ಹೆಚ್ಚು ದೂರ ಸುತ್ತಬೇಕಿತ್ತು. ಗೂಗಲ್ಲಿನ ಮಾತೃಸಂಸ್ಥೆಯಾದ ಆಲ್ಫಾಬೆಟ್‌ನ ‘ತಾರಾ’ ಎಂಬ ತಂಡದವರು 2021ರಲ್ಲಿ ನದಿಯ ಮೇಲೆ ಸುಮಾರು ಐದು ಕಿಲೋಮೀಟರು ಬೆಳಕಿನ ಕೋಲನ್ನು ಹಾಯಿಸಿದರು. ಸೆಕೆಂಡಿಗೆ 20 ಗಿಗಾಬಿಟ್‌ವರೆಗಿನ ವೇಗದ ಈ ಸಂಪರ್ಕ 20 ದಿನಗಳಲ್ಲಿ ಸುಮಾರು 700 ಟೆರಾಬೈಟ್ ಸುದ್ದಿಯನ್ನು ಸಾಗಿಸಿತು. ಸಂಪರ್ಕ ದೊರೆತ ಸಮಯ ನೂರಕ್ಕೆ 99.9. ಲೆಕ್ಕ ಹಾಕಿದರೆ, 20 ದಿನದಲ್ಲಿ ತಪ್ಪಿದ್ದು ಸುಮಾರು ಅರ್ಧ ಗಂಟೆ.

ನಮ್ಮ ದೇಶದಲ್ಲೂ ಪ್ರಯತ್ನಗಳು ನಡೆದಿವೆ. 2017ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರದ ಫೈಬರ್ ಸಂಸ್ಥೆಗೂ ಆಲ್ಫಾಬೆಟ್‌ನವರಿಗೂ 2,000 ಇಂಥ ಸಂಪರ್ಕಗಳ ಒಪ್ಪಂದ ಪ್ರಕಟವಾಯಿತು. 2023ರಲ್ಲಿ ಏರ್‌ಟೆಲ್ ಕಂಪನಿಯೂ ತಾರಾ ತಂಡವೂ ಭಾರತದಲ್ಲಿ ಈ ಯಂತ್ರಗಳನ್ನು ಹರಡುವ ಯೋಜನೆಯನ್ನು ತಿಳಿಸಿದರು. 2025ರ ಮಾರ್ಚಿನಲ್ಲಿ ತಾರಾ ಸ್ವತಂತ್ರ ಕಂಪನಿಯಾಯಿತು. ಇನ್ನು 2021ರ ಮಾರ್ಚಿನಲ್ಲಿ ಇಸ್ರೋದವರು ಅಹಮದಾಬಾದಿನಲ್ಲಿ ಎರಡು ಕಟ್ಟಡಗಳ ನಡುವೆ 300 ಮೀಟರು ಬಯಲಿನಲ್ಲಿ ಕದಿಯಲಾಗದ ಗುಪ್ತ ಸಂದೇಶವನ್ನು ಬೆಳಕಿನ ಕಣಗಳ ಮೂಲಕ ಕಳಿಸಿ ತೋರಿಸಿದರು. ಬಿಸಿಲಿನ ಬೆಳಕು ಬೆರೆಯದಿರಲೆಂದು ಆ ಪ್ರಯೋಗವನ್ನು ರಾತ್ರಿ ನಡೆಸಿದರು.

ಪಂಚಾಯಿತಿ ಗಮನಿಸತಕ್ಕ ಅಂಶಗಳು

ನಿಮ್ಮ ಊರಿಗೆ ಬೆಳಕಿನ ಸಂಪರ್ಕ ಹಾಕುವ ಮಾತು ಬಂದರೆ ಗ್ರಾಮಸಭೆಯಲ್ಲಿ ಈ ವಿಷಯಗಳನ್ನು ವಿಚಾರಿಸಿ:

1. ಎರಡು ಪೆಟ್ಟಿಗೆಗಳ ನಡುವೆ ಈಗ ಹಾದಿ ತೆರವಾಗಿದೆಯೇ ಎಂದಷ್ಟೇ ನೋಡಿದರೆ ಸಾಲದು. ನಡುವಿನ ನೀಲಗಿರಿ, ತೆಂಗು, ಸಿಲ್ವರ್ ಮರಗಳು ಐದು ವರ್ಷದಲ್ಲಿ ಎಷ್ಟು ಬೆಳೆದಾವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

2. ಬೆಳಕು ಹೋಗುವ ದಾರಿ ನೆಲದಿಂದ ಸಾಕಷ್ಟು ಮೇಲಿರಲಿ. ತಗಡಿನ ಚಾವಣಿ, ಡಾಂಬರು ರಸ್ತೆ, ಇಟ್ಟಿಗೆ ಗೂಡು, ಆಲೆಮನೆ ಇವುಗಳ ಮೇಲೆ ತಗ್ಗಿನಲ್ಲಿ ಹಾಯುವುದು ಬೇಡ. ಕೆರೆ ಅಥವಾ ಗದ್ದೆಯ ಮೇಲೆ ಹಾಯಿಸಲು ಅವಕಾಶವಿದ್ದರೆ ಅದೇ ಒಳ್ಳೆಯದು.

3. ಪೆಟ್ಟಿಗೆಯನ್ನು ಗಟ್ಟಿಯಾದ ಗೋಡೆಗೆ ಅಥವಾ ಅಲುಗದ ಕಂಬಕ್ಕೆ ಬಿಗಿಯಬೇಕು.

4. ಪರೀಕ್ಷೆಯನ್ನು ಬೆಳಿಗ್ಗೆ ಏಳೂವರೆಗೆ ಮಾಡಿ ತೋರಿಸಿದರೆ ಒಪ್ಪಿಬಿಡಬೇಡಿ. ಆ ಹೊತ್ತಿನಲ್ಲಿ ಗಾಳಿ ತಾನಾಗಿಯೇ ಶಾಂತವಾಗಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೊಮ್ಮೆ, ಮಾಗಿಯ ಮಂಜಿನ ಮುಂಜಾನೆಯೊಮ್ಮೆ ಪರೀಕ್ಷಿಸಿದ ಮೇಲೆ ಹಣ ಸಂದಾಯವಾಗಲಿ.

5. ಬೆಳಕು ಸೋತಾಗ ಕೆಲಸ ಮಾಡುವ ರೇಡಿಯೋ ಅಥವಾ ಬೇರೆ ದಾರಿ ಇದೆಯೇ? ವಿದ್ಯುತ್ತು ಹೋದಾಗ ಎರಡೂ ತುದಿಯಲ್ಲಿ ಬ್ಯಾಟರಿ ಇದೆಯೇ?

6. ಕೆಲಸ ಆರಂಭವಾದ ಮೇಲೆ ಒಂದು ಪುಸ್ತಕವಿಟ್ಟು, ಸಂಪರ್ಕ ತಪ್ಪಿದ ದಿನ, ಗಂಟೆ, ಹವೆ ಇವುಗಳನ್ನು ಬರೆಯಿರಿ. ಬಿಸಿಲಿನ ನಡುಹಗಲಿನಲ್ಲಿ ಮೇಲಿಂದ ಮೇಲೆ ತೊದಲಿದರೆ ಕಲಕಾಟದ ಕಾಟ. ಎತ್ತರ ಹೆಚ್ಚಿಸಿರೆಂದು ಕೇಳಬಹುದು. ಮುಂಜಾನೆ ಪೂರ್ತಿ ನಿಂತು ಬಿಸಿಲೇರಿದ ಮೇಲೆ ಸರಿಯಾದರೆ ಮಂಜು. ರೇಡಿಯೋ ಜೊತೆಗಾರ ಬೇಕೆಂದು ಕೇಳಬಹುದು. ಹೊತ್ತುಗೊತ್ತಿಲ್ಲದೆ ನಿಂತರೆ ವಿದ್ಯುತ್ತು, ಕಂಬ, ಮರದ ಕೊಂಬೆ ಇವುಗಳನ್ನು ನೋಡಿಸಿ. ‘ಯಾವಾಗಲೂ ಬರುವುದಿಲ್ಲ’ ಎಂಬ ದೂರಿಗಿಂತ ಒಂದು ತಿಂಗಳ ಈ ಲೆಕ್ಕಕ್ಕೆ ತೂಕ ಹೆಚ್ಚು.

7. ಬೆಳಕು ಕಣ್ಣಿಗೆ ಕಾಣದೆಂದು ಮಕ್ಕಳು ಪೆಟ್ಟಿಗೆಯ ಎದುರಿಗೆ ಹತ್ತಿ ಆಡಬಾರದು. ದುರ್ಬೀನು ಹಿಡಿದು ಅದರ ಕಣ್ಣನ್ನು ನೋಡಲೇಬಾರದು.

ಹಳ್ಳಿಗೆ ಬಂದ ಯಾವ ಯಂತ್ರವೇ ಆಗಲಿ, ನೇಗಿಲಿನಂತೆ, ಪಂಪುಸೆಟ್ಟಿನಂತೆ, ಅದರ ಗುಣವನ್ನೂ ದೋಷವನ್ನೂ ಬಳಸುವವರು ಅರಿತಾಗಲೇ ಊರಿಗೆ ಪ್ರಯೋಜನ. ಹದ ನೋಡಿ ಬಿತ್ತುವುದು, ಗಾಳಿ ನೋಡಿ ತೂರುವುದು ನಿಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಗಾಳಿ ಬೀಸುವ ಹೊತ್ತಿಗೆ ಕಣದಲ್ಲಿ ರಾಶಿ ಸಿದ್ಧವಿರಬೇಕೆಂಬುದನ್ನು ಬಲ್ಲವರು, ಗಾಳಿ ಕಲಕುವ ಹೊತ್ತನ್ನು ಅರಿತು ಬೆಳಕಿನ ದಾರಿಯನ್ನು ಗೊತ್ತುಮಾಡುವುದರಲ್ಲೂ ತಮ್ಮ ಮಾತನ್ನು ಸೇರಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಓದಿ ಹೇಳಿ, ಚರ್ಚಿಸಿರಿ.